ತೊಳೆದಷ್ಟೂ ಕಟ್ಟುವ ಇಂಜೆಕ್ಟರ್

ದಾವಣಗೆರೆಯಂಥ ಊರಿನಲ್ಲಿ ಡೀಸೆಲ್ ಪಂಪು, ನಾಝಲ್ ಕೆಲಸ ಮಾಡುವವನಿಗೆ ಲಾರಿಗಿಂತ ಹೆಚ್ಚು ತಲೆನೋವು ಕೊಡುವುದು ಸಣ್ಣ ಗೂಡ್ಸ್ ವ್ಯಾನು. ಬೇಕರಿ ಮಾಲು, ಹಾಲು, ತರಕಾರಿ, ಶಾಮಿಯಾನದ ಸಾಮಾನು ಹೊತ್ತು ಬೆಳಗಿನಿಂದ ರಾತ್ರಿಯವರೆಗೆ ಸುತ್ತುವ ಗಾಡಿ ಅದು. ಲಾರಿ ಕೆಟ್ಟರೆ ಓನರ್ ಎರಡು ದಿನ ನಿಲ್ಲಿಸಿ ಪೂರ್ತಿ ಕೆಲಸ ಮಾಡಿಸುತ್ತಾನೆ. ವ್ಯಾನಿನವನಿಗೆ ಮಾತ್ರ ಸಂಜೆಯೊಳಗೆ ಗಾಡಿ ಬೇಕು. "ಸುಮ್ನೆ ತೊಳ್ದು ಹಾಕ್ರಿ, ಸಾಕು" ಅನ್ನುತ್ತಾನೆ. ತೊಳೆದು ಹಾಕಿದ್ದು ಸ್ವಲ್ಪ ದಿನಕ್ಕೆ ಮತ್ತೆ ಕಟ್ಟಿಕೊಂಡು ಬರುತ್ತದೆ. ಹಾಗೆ ಮರಳಿ ಬಂದ ಗಾಡಿಗಳು ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ಈಗಿನ ಕಾಮನ್ ರೇಲ್ ಡೀಸೆಲ್ ಇಂಜಿನ್ನಿಗೆ ಸಂಬಂಧಪಟ್ಟ ಮಾತುಗಳಿವು.

1. ಬಿಚ್ಚುವ ಮೊದಲು ಎಷ್ಟು ಇಂಜೆಕ್ಟರ್ ಕೆಟ್ಟಿವೆ ಎಂದು ತಿಳಿಯಬೇಕು

ಪಿಕಪ್ ಇಲ್ಲ, ಬೆಳಿಗ್ಗೆ ಸೆಲ್ಫ್ ಉದ್ದ ಹೊಡೆಯಬೇಕು, ಐಡಲ್‌ನಲ್ಲಿ ಗಾಡಿ ನಡುಗುತ್ತದೆ, ಲೋಡಿನಲ್ಲಿ ಕರಿಹೊಗೆ. ಎಲ್ಲರೂ ಹೇಳುವುದು ಇಷ್ಟನ್ನೇ. ಇಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಸ್ಕ್ಯಾನರ್ ಹಾಕಿ, ಇಂಜಿನ್ ಸಮನಾಗಿ ತಿರುಗಲೆಂದು ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಯಾವ ಸಿಲಿಂಡರಿಗೆ ಡೀಸೆಲ್ ಹೆಚ್ಚು ಕೊಡುತ್ತಿದೆ, ಯಾವುದಕ್ಕೆ ಕಡಿಮೆ ಮಾಡಿದೆ ಎಂದು ಮೊದಲು ನೋಡುತ್ತೇನೆ. ಆಮೇಲೆ ರಿಟರ್ನ್ ಪೈಪುಗಳನ್ನು ಕಳಚಿ, ಒಂದೊಂದು ಇಂಜೆಕ್ಟರಿಗೂ ಒಂದೊಂದು ಬಾಟಲಿ ಕಟ್ಟಿ ಇಂಜಿನ್ ಓಡಿಸುತ್ತೇನೆ. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರಿನ ಒಳಗೆ ಸವೆತವಿದೆ. ಕಟ್ಟಿದ್ದನ್ನು ತೊಳೆಯಬಹುದು, ಸವೆದದ್ದನ್ನು ಎಷ್ಟು ತೊಳೆದರೂ ಅಷ್ಟೇ.

ಪ್ರತಿ ಸಲವೂ ಅದೇ ಒಂದು ಸಿಲಿಂಡರ್ ತಕರಾರು ಮಾಡುತ್ತಿದ್ದರೆ ತಪ್ಪು ಅದರ ಸುತ್ತಲೇ ಇರುತ್ತದೆ: ವಾಷರ್, ಕಂಪ್ರೆಷನ್, ವೈರಿಂಗ್ ಕಪ್ಲರ್. ಎಲ್ಲವೂ ಒಟ್ಟಿಗೆ ಕಟ್ಟುತ್ತಿದ್ದರೆ ಕಸ ಹಿಂದಿನಿಂದ ಬರುತ್ತಿದೆ. ಆಗ ಇಂಜೆಕ್ಟರ್ ಬಿಟ್ಟು ಟ್ಯಾಂಕಿನ ಕಡೆ ನಡೆಯಬೇಕು.

2. ಟ್ಯಾಂಕಿನಿಂದ ಮುಂದಕ್ಕೆ ಬನ್ನಿ

ಅಡುಗೆ ಕಾಂಟ್ರ್ಯಾಕ್ಟ್‌ನವರ ಒಂದು ವ್ಯಾನಿತ್ತು. ಬೇರೆ ಬೇರೆ ಕಡೆ ಇಂಜೆಕ್ಟರ್ ತೊಳೆಸಿ, ಒಂದು ಸೆಟ್ ಹೊಸದನ್ನೂ ಹಾಕಿಸಿ, ಕೊನೆಗೆ ನನ್ನ ಹತ್ತಿರ ಬಂದಿತ್ತು. ಡ್ರೈವರ್ ಹುಡುಗ ಬೇಸತ್ತಿದ್ದ. "ಅಣ್ಣಾ, ಹೊಸ ಇಂಜೆಕ್ಟರ್ರೂ ಹಿಂಗೇ ಆದ್ರೆ ಏನ್ ಮಾಡೋದ್ರಿ? ಸಾವ್ಕಾರ್ರು ನಾನೇ ಗಾಡಿ ಕೆಡಿಸ್ತೀನಿ ಅಂತಾರೆ" ಎಂದ. ನಾನು ಇಂಜೆಕ್ಟರ್ ಮುಟ್ಟಲಿಲ್ಲ. ಹಳೆಯ ಡೀಸೆಲ್ ಫಿಲ್ಟರನ್ನು ಬಿಚ್ಚಿ ಅದರಲ್ಲಿದ್ದುದನ್ನು ಗಾಜಿನ ಬಾಟಲಿಗೆ ಸುರಿದು ಇಟ್ಟೆ. ಸ್ವಲ್ಪ ಹೊತ್ತಿಗೆ ಕೆಳಗೆ ಕಂದು ನೀರು, ನೀರಿಗೂ ಡೀಸೆಲ್ಲಿಗೂ ನಡುವೆ ಕಪ್ಪು ಲೋಳೆ, ತಳದಲ್ಲಿ ತುಕ್ಕಿನ ಪುಡಿ ನಿಂತಿತು.

ಆ ಲೋಳೆ ಜೀವ ಇರುವಂಥದ್ದು. ಡೀಸೆಲ್ಲಿನ ತಳದಲ್ಲಿ ನೀರು ನಿಂತರೆ ಎರಡೂ ಸೇರುವ ಗಡಿಯಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ. ಅವು ಡೀಸೆಲ್ ತಿಂದೇ ಬದುಕುತ್ತವೆ, ಹುಳಿ ಬಿಟ್ಟು ತಗಡನ್ನೂ ತಿನ್ನುತ್ತವೆ. ನೀರು ಎಲ್ಲಿಂದ ಬಂತು ಎಂದು ಹುಡುಗನನ್ನು ಕೇಳುತ್ತಾ ಹೋದಾಗ ಕಥೆ ಹೊರಬಿತ್ತು. ಮದುವೆ ಸೀಸನ್ನಿನಲ್ಲಿ ನಡುರಾತ್ರಿ ಡೀಸೆಲ್ ಬೇಕಾಗುತ್ತದೆಂದು ಗೋಡೌನಿನ ಹಿಂದೆ ಒಂದು ಬ್ಯಾರೆಲ್ ಇಟ್ಟಿದ್ದರು. ಬಯಲಿನಲ್ಲಿ, ಬಾಯಿ ಮೇಲಾಗಿ ನಿಂತ ಬ್ಯಾರೆಲ್. ಮಳೆ ಬಂದರೆ ಅದರ ಮೇಲ್ಭಾಗದ ಅಂಚಿನೊಳಗೆ ನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ, ರಾತ್ರಿ ತಂಪಿಗೆ ಕುಗ್ಗುವಾಗ ಬಿರಡೆಯ ಸಂದಿನಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕೈಪಂಪಿನ ಕೊಳವೆ ತಳ ಮುಟ್ಟುವಷ್ಟು ಉದ್ದವಿತ್ತು. ಹಾಗಾಗಿ ಪ್ರತಿ ಸಲ ಮೊದಲು ವ್ಯಾನಿಗೆ ಬೀಳುತ್ತಿದ್ದುದು ಆ ಗಲೀಜೇ.

ಟ್ಯಾಂಕ್ ಇಳಿಸಿದೆವು. ತಗಡಿನ ಟ್ಯಾಂಕು, ಒಳಗೆ ಪದರು ಪದರಾಗಿ ತುಕ್ಕು. ತುಕ್ಕು ಹಿಡಿದ ಟ್ಯಾಂಕಿಗೆ ಒಳಬಣ್ಣ ಹೊಡೆಸಿ ಬಳಸುವವರಿದ್ದಾರೆ. ಆ ಬಣ್ಣ ಒಂದು ದಿನ ಸಿಪ್ಪೆ ಎದ್ದು ಅದೂ ಫಿಲ್ಟರಿಗೇ ಬರುತ್ತದಾದ್ದರಿಂದ ನಾನು ಒಪ್ಪುವುದಿಲ್ಲ. ಬೇರೆ ಟ್ಯಾಂಕ್ ಹಾಕಿ, ಡೀಸೆಲ್ ಲೈನನ್ನೂ ರಿಟರ್ನ್ ಲೈನನ್ನೂ ತೊಳೆದು, ಹೊಸ ಫಿಲ್ಟರ್ ಹಾಕಿ, ಆಮೇಲೆ ಇಂಜೆಕ್ಟರುಗಳನ್ನು ಬೆಂಚಿಗೆ ಹಾಕಿದೆ. ಎಲ್ಲರೂ ಮರೆಯುವುದು ರಿಟರ್ನ್ ಲೈನನ್ನು. ಇಂಜೆಕ್ಟರ್ ಬಳಸದೆ ಬಿಟ್ಟ ಡೀಸೆಲ್ ಅದರ ಮೂಲಕವೇ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಅಲ್ಲಿ ಕಸ ಉಳಿದರೆ ಹೊಸ ಟ್ಯಾಂಕಿಗೆ ಹಳೆಯ ಕಸ ಸೇರುತ್ತದೆ.

ಬ್ಯಾರೆಲ್ ಇಡಲೇಬೇಕು ಎನ್ನುವವರಿಗೆ ನನ್ನ ಮಾತು ಇಷ್ಟೇ: ನೆರಳಿನಲ್ಲಿ ಇಡಿ, ಮೇಲೆ ನೀರು ನಿಲ್ಲದಂತೆ ಓರೆ ಮಾಡಿ, ಕೊಳವೆಯ ತುದಿಯನ್ನು ತಳದಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿ, ತಳದಲ್ಲಿ ಉಳಿದದ್ದನ್ನು ಗಾಡಿಗೆ ಹಾಕಬೇಡಿ.

3. ಬಂಕಿನವನನ್ನು ಬೈಯುವ ಮೊದಲು

ಇಂಜೆಕ್ಟರ್ ಕಟ್ಟಿದರೆ ಮೊದಲ ಬೈಗುಳ ಬಂಕಿಗೆ. ಕಲಬೆರಕೆ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಬಂಕಿನ ಡೀಸೆಲ್ಲಿನಲ್ಲಿ ನೀರು ಸೇರಿದ್ದರೆ ಅದೇ ದಿನ ತುಂಬಿಸಿದ ಹತ್ತಾರು ಗಾಡಿಗಳು ನಿಲ್ಲಬೇಕು. ನಿಮ್ಮದೊಂದೇ ನಿಂತಿದ್ದರೆ ತಪ್ಪು ನಿಮ್ಮ ಟ್ಯಾಂಕಿನಲ್ಲಿ ಹುಡುಕಿ. ಅನುಮಾನ ಬಂದರೆ ಬಿಲ್ ಇಟ್ಟುಕೊಳ್ಳಿ, ಬಂಕಿನಲ್ಲೇ ಡೆನ್ಸಿಟಿ ಪರೀಕ್ಷೆ ಮಾಡಿ ತೋರಿಸಲು ಕೇಳಿ. ಕೇಳುವ ಹಕ್ಕು ಗ್ರಾಹಕನಿಗೆ ಇದೆ. 5 ಲೀಟರಿನ ಅಳತೆ ಪಾತ್ರೆ ಪ್ರಮಾಣವನ್ನಷ್ಟೇ ಹೇಳುತ್ತದೆ, ಗುಣವನ್ನಲ್ಲ. ಫಿಲ್ಟರ್ ಪೇಪರಿನ ಮೇಲೆ ತೊಟ್ಟು ಬಿಟ್ಟು ಕಲೆ ನೋಡುವ ಪರೀಕ್ಷೆ ಪೆಟ್ರೋಲಿಗೆ ಮಾತ್ರ. ಡೀಸೆಲ್ ಹೇಗಿದ್ದರೂ ಕಲೆ ಬಿಡುತ್ತದೆ, ಅದನ್ನು ಹಿಡಿದುಕೊಂಡು ಜಗಳ ಮಾಡಬೇಡಿ.

ಸೀಮೆಎಣ್ಣೆ ಬೆರೆಸಿ ಓಡಿಸುವವರು ಈಗ ಕಡಿಮೆ, ಆದರೂ ಇದ್ದಾರೆ. ಹಳೆಯ ಇಂಜಿನ್ ಅದನ್ನು ಹೇಗೋ ತಡೆದುಕೊಳ್ಳುತ್ತಿತ್ತು, ಈಗಿನದು ತಡೆಯದು. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಕಡೆ ಸಿಗುವ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಅದಕ್ಕೆ ಮೊದಲು ಬಿಎಸ್-4ರಲ್ಲಿ ಮಿತಿ 50 ಇತ್ತು. ಗಂಧಕ ತೆಗೆಯುವಾಗ ಡೀಸೆಲ್ಲಿನ ಸಹಜ ಜಿಡ್ಡೂ ಕಡಿಮೆಯಾಗುತ್ತದೆಂದು ರಿಫೈನರಿಯಲ್ಲೇ ಅದಕ್ಕೊಂದು ಔಷಧಿ ಸೇರಿಸುತ್ತಾರೆ. ಹೈ ಪ್ರೆಶರ್ ಪಂಪಿಗೆ ಆ ಜಿಡ್ಡೇ ಆಯಿಲ್. ಸೀಮೆಎಣ್ಣೆ ಬೆರೆಸಿದರೆ ಅದು ತೆಳ್ಳಗಾಗಿ ಪಂಪು ಉಜ್ಜಿಕೊಳ್ಳುತ್ತದೆ.

4. ಫಿಲ್ಟರಿನಲ್ಲಿ ಉಳಿಸಿದ ದುಡ್ಡು ಇಂಜೆಕ್ಟರಿನಲ್ಲಿ ಹೋಗುತ್ತದೆ

ಈ ನಾಝಲ್ಲಿನ ತೂತುಗಳು ಸುಮಾರು 0.1ರಿಂದ 0.2 ಮಿಲಿಮೀಟರ್. ಒಳಗಿನ ಸೂಜಿಗೂ ಅದರ ಗೂಡಿಗೂ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು, ಅಂದರೆ ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ನೋಡಲು ಒಂದೇ ಥರ ಇರುವ ಅಗ್ಗದ ಫಿಲ್ಟರಿನ ಕಾಗದ ಅಷ್ಟು ಸಣ್ಣ ಕಸವನ್ನು ಹಿಡಿಯದು. ಕಂಪನಿ ಹೇಳಿದ ಕಿಲೋಮೀಟರ್ ಒಳ್ಳೆಯ ಡೀಸೆಲ್ಲು, ಒಳ್ಳೆಯ ರಸ್ತೆಯ ಲೆಕ್ಕ. ಮಣ್ಣುರಸ್ತೆಯಲ್ಲಿ ಓಡುವ, ಬ್ಯಾರೆಲ್ಲಿನಿಂದ ತುಂಬಿಸುವ ಗಾಡಿಗೆ ಅದರ ಅರ್ಧಕ್ಕೇ ಬದಲಿಸಿ ಅನ್ನುತ್ತೇನೆ.

ಫಿಲ್ಟರ್ ಹಾಕುವ ರೀತಿಯೂ ಮುಖ್ಯ. ಬೇಗ ಸ್ಟಾರ್ಟ್ ಆಗಲೆಂದು ಹೊಸ ಫಿಲ್ಟರಿನ ನಡುವಿನ ತೂತಿಗೆ ಮಗ್ಗಿನಿಂದ ಡೀಸೆಲ್ ಸುರಿಯುವ ರೂಢಿ ಎಲ್ಲ ಗ್ಯಾರೇಜುಗಳಲ್ಲೂ ಇದೆ. ಬಹಳಷ್ಟು ಫಿಲ್ಟರುಗಳಲ್ಲಿ ಆ ತೂತು ಸೋಸಿದ ಕಡೆಯದು. ಮಗ್ಗಿನ ಕಸ ನೇರ ಪಂಪಿಗೆ ಹೋಗುತ್ತದೆ. ಖಾಲಿ ಫಿಲ್ಟರ್ ಹಾಕಿ ಹ್ಯಾಂಡ್ ಪ್ರೈಮರ್ ಒತ್ತಿ ಗಾಳಿ ತೆಗೆಯಿರಿ. ಬನಿಯನ್ ವೇಸ್ಟಿನಿಂದ ಯೂನಿಯನ್ ಬಾಯಿ ಒರೆಸಬೇಡಿ, ಅದರ ಒಂದು ಎಳೆ ಸಾಕು.

ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದನ್ನು ಸಡಿಲಿಸಿ ಬಾಟಲಿಗೆ ಬಿಟ್ಟು ನೋಡುವುದು ಐದು ನಿಮಿಷದ ಕೆಲಸ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಹತ್ತುವವರೆಗೆ ಕಾಯಬೇಡಿ. ಹತ್ತಿದ ಮೇಲೂ ಓಡಿಸುವವರಿಗೆ ಹೇಳುವುದು ಏನೂ ಉಳಿದಿಲ್ಲ.

5. ರಾತ್ರಿ ಟ್ಯಾಂಕ್ ಖಾಲಿ ಬಿಡಬೇಡಿ

ಖಾಲಿ ಜಾಗದ ಗಾಳಿಯಲ್ಲಿರುವ ತೇವ ತಂಪಿಗೆ ಹನಿಗಟ್ಟುತ್ತದೆ. ಸಂಜೆಯೇ ತುಂಬಿಸಿ. ಬಂಕಿನಲ್ಲಿ ಟ್ಯಾಂಕರ್ ಲೋಡ್ ಇಳಿಸುತ್ತಿದ್ದರೆ ತಳದ ಕಸ ಕದಡಿರುತ್ತದೆ, ಮುಂದಿನ ಬಂಕಿಗೆ ಹೋಗಿ.

6. ಬಾಟಲಿ ಔಷಧಿಗೆ ಅದರದೇ ಮಿತಿ ಇದೆ

ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಪೂರ್ತಿ ಮೋಸವಲ್ಲ. ನಾಝಲ್ಲಿನ ತುದಿಗೆ ಹೊಸದಾಗಿ ಹಿಡಿದ ಕಾರ್ಬನ್ ಅದರಿಂದ ಸ್ವಲ್ಪ ಬಿಡುತ್ತದೆ. ದಿನವಿಡೀ ಅರ್ಧ ಕಿಲೋಮೀಟರಿಗೊಂದು ಅಂಗಡಿಯ ಮುಂದೆ ನಿಂತು, ಇಂಜಿನ್ ಆಫ್ ಮಾಡದೆ ಮಾಲು ಇಳಿಸುವ ವ್ಯಾನುಗಳಲ್ಲಿ ಅಂಥ ಕಾರ್ಬನ್ ಹಿಡಿಯುತ್ತದೆ. ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಅದಕ್ಕೆ ಔಷಧಿಗಿಂತ ಒಳ್ಳೆಯದು, ಆಗಾಗ ಹೈವೇಯಲ್ಲಿ ಲೋಡಿನೊಂದಿಗೆ ಒಂದೇ ಸಮನೆ ಒಂದಷ್ಟು ದೂರ ಓಡಿಸುವುದು. ತುಕ್ಕು, ನೀರು, ಸವೆತಕ್ಕೆ ಮಾತ್ರ ಯಾವ ಬಾಟಲಿಯೂ ಇಲ್ಲ. ಲೋಳೆ ತುಂಬಿದ ಟ್ಯಾಂಕಿಗೆ ಕ್ಲೀನರ್ ಹಾಕಿದರಂತೂ ಗೋಡೆಗೆ ಅಂಟಿದ್ದೆಲ್ಲ ಬಿಟ್ಟು ಒಂದೇ ಸಲ ಫಿಲ್ಟರಿಗೆ ಬರುತ್ತದೆ.

7. ಹಳೆಯ ಕೈಚಳಕ ಇಲ್ಲಿ ನಡೆಯದು

1951ರಲ್ಲಿ ಶುರುವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೇರುಬಿಟ್ಟ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ನಮ್ಮ ಕಡೆಯ ಹಿರಿಯ ಫಿಟ್ಟರುಗಳ ಬಾಯಲ್ಲಿ ಅದು ಇನ್ನೂ ಮೈಕೋನೇ. ಆ ಕಾಲದ ಪಂಪು, ನಾಝಲ್ಲುಗಳಲ್ಲಿ ಕೈ ಪಳಗಿದವರು ಮಿಸ್ಸಿಂಗ್ ಹುಡುಕಲು ಒಂದೊಂದೇ ಪೈಪಿನ ನಟ್ ಸಡಿಲಿಸುತ್ತಿದ್ದರು. ಸಡಿಲಿಸಿದಾಗ ಇಂಜಿನ್ ಶಬ್ದ ಬದಲಾಗದಿದ್ದರೆ ಸತ್ತ ಸಿಲಿಂಡರ್ ಅದೇ. ಅಲ್ಲಿ ನಾಝಲ್ ತೆರೆಯುತ್ತಿದ್ದುದು ಸುಮಾರು 200 ಬಾರ್ ಒತ್ತಡಕ್ಕೆ. ಕಾಮನ್ ರೇಲಿನಲ್ಲಿ ಒತ್ತಡ 1600 ಬಾರ್ ಮುಟ್ಟುತ್ತದೆ, ದಾಟುವುದೂ ಉಂಟು.

ಆ ಒತ್ತಡದಲ್ಲಿ ಸಣ್ಣ ಸೀಳಿನಿಂದ ಹೊರಬರುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಮೇಲೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಮೊದಮೊದಲು ನೋವೂ ಅಷ್ಟಿರುವುದಿಲ್ಲ. ಒಳಗೆ ಮಾಂಸ ಕೊಳೆಯುತ್ತಾ ಹೋಗುತ್ತದೆ. ತಡ ಮಾಡಿದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ. ಹಾಗಾದರೆ ಅರಿಶಿನ ಹಚ್ಚಿಕೊಂಡು ಕೂರದೆ ಆ ಕ್ಷಣವೇ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ, ಒಳಗೆ ಡೀಸೆಲ್ ಹೊಕ್ಕಿದೆ ಎಂದೇ ಹೇಳಬೇಕು. ಇಂಜಿನ್ ಓಡುವಾಗ ನಟ್ ಸಡಿಲಿಸುವಂತಿಲ್ಲ. ಲೀಕ್ ಹುಡುಕಲು ಕೈ ಆಡಿಸುವಂತಿಲ್ಲ, ರಟ್ಟಿನ ತುಂಡು ಹಿಡಿದು ನೋಡಿ. ನಿಲ್ಲಿಸಿದ ಮೇಲೂ ಒತ್ತಡ ಇಳಿಯಲು ಹೊತ್ತು ಕೊಡಿ. ನನ್ನ ಹುಡುಗರಿಗೆ ಕೆಲಸ ಕಲಿಸುವ ಮೊದಲು ಕಲಿಸುವುದು ಇದನ್ನೇ.

ತಂತಿ ಬ್ರಷ್ಷಿನಿಂದ ನಾಝಲ್ ತುದಿ ಉಜ್ಜುವುದು, ತೂತಿಗೆ ಸೂಜಿ ಚುಚ್ಚುವುದೂ ಹಳೆಯ ಅಭ್ಯಾಸಗಳೇ. ತೂತಿನ ಅಂಚು ಒಂದಿಷ್ಟು ಕೆಟ್ಟರೂ ಡೀಸೆಲ್ ಮಂಜಿನಂತೆ ಹರಡದೆ ಧಾರೆಯಾಗಿ ಬೀಳುತ್ತದೆ. ಆ ಧಾರೆ ಪಿಸ್ಟನ್ನಿನ ತಲೆಯನ್ನೇ ಸುಟ್ಟು ತೂತು ಮಾಡಿದ್ದನ್ನು ನೋಡಿದ್ದೇನೆ.

8. ತಾಮ್ರದ ವಾಷರ್

ಇಂಜೆಕ್ಟರ್ ಬಿಚ್ಚಿದ ಪ್ರತಿ ಸಲವೂ ಹೊಸ ವಾಷರ್, ಅದೇ ದಪ್ಪದ್ದು. ಕೂರುವ ಜಾಗದ ಕಾರ್ಬನ್ ಪೂರ್ತಿ ಕೆರೆದು, ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಹಳೆಯ ವಾಷರನ್ನೇ ಹಾಕಿದರೆ ಉರಿಯುವ ಗ್ಯಾಸ್ ಸಂದಿನಿಂದ ಮೇಲೆ ಬಂದು ಇಂಜೆಕ್ಟರಿನ ಸುತ್ತ ಡಾಂಬರಿನಂಥ ಕಪ್ಪು ಕಟ್ಟುತ್ತದೆ. ಇಂಜಿನ್ನಿನಿಂದ ಚುಫ್ ಚುಫ್ ಎಂಬ ಸದ್ದು ಬರುತ್ತದೆ, ನಾಝಲ್ ಕಾದು ಮತ್ತೆ ಕಾರ್ಬನ್ ಹಿಡಿಯುತ್ತದೆ. ಒಂದೇ ಸಿಲಿಂಡರ್ ಪದೇ ಪದೇ ಕೆಡುವ ಎಷ್ಟೋ ಗಾಡಿಗಳಲ್ಲಿ ಇಷ್ಟೇ ಕಾರಣ.

9. ರಿಪೋರ್ಟ್ ಕೇಳಿ, ಕೋಡ್ ಹಾಕಿಸಿ

ತೊಳೆದೆ ಎನ್ನುವ ಬಾಯಿಮಾತನ್ನು ನಂಬಬೇಡಿ, ನನ್ನದನ್ನೂ. ಟೆಸ್ಟ್ ಬೆಂಚಿನಲ್ಲಿ ಐಡಲ್, ಅರ್ಧ ಲೋಡ್, ಫುಲ್ ಲೋಡಿಗೆ ಎಷ್ಟು ಡೀಸೆಲ್ ಬಿಟ್ಟಿತು, ಎಷ್ಟು ರಿಟರ್ನ್ ಹೋಯಿತು ಎಂಬ ಲೆಕ್ಕ ಇರುತ್ತದೆ. ತೊಳೆಯುವ ಮುಂಚಿನದು ಒಂದು, ಆಮೇಲಿನದು ಒಂದು, ಎರಡನ್ನೂ ಬರೆಸಿಕೊಳ್ಳಿ. ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ, ಅಂಕಿಗಳ ಒಂದು ಕೋಡ್ ಇರುತ್ತದೆ. ಹೊಸದು ಹಾಕಿದರೂ, ಸಿಲಿಂಡರ್ ಅದಲುಬದಲು ಮಾಡಿದರೂ ಆ ಕೋಡನ್ನು ಸ್ಕ್ಯಾನರಿನಲ್ಲಿ ಇಸಿಎಂಗೆ ಬರೆಯಬೇಕು. ಬರೆಯದಿದ್ದರೆ ಒಳ್ಳೆಯ ಇಂಜೆಕ್ಟರೂ ಹೊಗೆ ಹಾಕುತ್ತದೆ, ಓನರ್ ಅದನ್ನು ಮತ್ತೆ ಕಟ್ಟಿತು ಅನ್ನುತ್ತಾನೆ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಲ್ಲಿ ಇಂಜಿನ್ ಆಯಿಲ್ ಮಟ್ಟ ಏರುತ್ತಿದೆಯೇ ಎಂದೂ ನೋಡಿ. ಏರುತ್ತಿದ್ದರೆ ಡೀಸೆಲ್ ಆಯಿಲ್ಲಿಗೆ ಇಳಿಯುತ್ತಿದೆ. ಆಯಿಲ್ ತೆಳ್ಳಗಾದರೆ ಮುಂದೆ ಹೋಗುವುದು ಬೇರಿಂಗು.

10. ಫಿಲ್ಟರಿನಲ್ಲಿ ಮಿಂಚು ಕಂಡರೆ

ಹಳೆಯ ಫಿಲ್ಟರನ್ನು ಕೊಯ್ದು ಕಾಗದವನ್ನು ಬಿಳಿ ತಟ್ಟೆಯಲ್ಲಿ ಬಿಡಿಸಿ ನೋಡುವುದು ನನ್ನ ಪದ್ಧತಿ. ಕೊಯ್ಯಲು ಹ್ಯಾಕ್ಸಾ ಬೇಡ. ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ, ಕಟ್ಟರ್ ಬಳಸಿ. ಕಂದು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ಬೆಳ್ಳಿಯಂತೆ ಮಿನುಗುವ ಸಣ್ಣ ಚೂರು ಕಂಡರೆ ಹೈ ಪ್ರೆಶರ್ ಪಂಪ್ ತನ್ನನ್ನೇ ಅರೆದುಕೊಳ್ಳುತ್ತಿದೆ. ಪಂಪಿನಿಂದ ಬಿಡುವ ಡೀಸೆಲ್ಲೂ ಟ್ಯಾಂಕಿಗೇ ಮರಳುವುದರಿಂದ ಆ ಚೂರುಗಳು ಸುತ್ತು ಹಾಕಿ ಫಿಲ್ಟರಿಗೆ ಬರುತ್ತವೆ. ಪಂಪಿನಿಂದ ಮುಂದಕ್ಕೆ ರೇಲ್, ಪೈಪು, ಇಂಜೆಕ್ಟರಿಗೂ ಹೋಗಿರುತ್ತವೆ.

ಆಗ ಓನರಿಗೆ ಮೊದಲೇ ಪೂರ್ತಿ ಲೆಕ್ಕ ಹೇಳುತ್ತೇನೆ: ಪಂಪು, ರೇಲು, ಪೈಪು, ಇಂಜೆಕ್ಟರ್ ಎಲ್ಲ ಬದಲು, ಟ್ಯಾಂಕು ಮತ್ತು ಲೈನು ತೊಳೆಯುವುದು. ಒಂದು ಇಂಜೆಕ್ಟರಿಗೇ ಹತ್ತು ಸಾವಿರ ದಾಟುವುದು ಮಾಮೂಲಾದ್ದರಿಂದ, ಹಳೆಯ ವ್ಯಾನಾದರೆ ರಿಪೇರಿ ಖರ್ಚು ಗಾಡಿಯ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. "ಈಗ ಪಂಪ್ ಒಂದ್ ಹಾಕ್ರಿ, ಉಳಿದದ್ದು ದೀಪಾವಳಿ ಆದ್ಮೇಲೆ ನೋಡೋಣ" ಎನ್ನುವವರು ಬಹಳ. ಒಳಗೆ ಉಳಿದ ಚೂರು ಹೊಸ ಪಂಪನ್ನೂ ಕೆಡಿಸುತ್ತದೆಂದು ಹೇಳಿ, ಗಾಡಿಯನ್ನು ಹಾಗೆಯೇ ವಾಪಸ್ ಕಳಿಸುತ್ತೇನೆ. ಕೆಲವರು ಬೇರೆ ಕಡೆ ಹೋಗಿ ಪಂಪ್ ಹಾಕಿಸಿಕೊಳ್ಳುತ್ತಾರೆ. ಕೆಲವರು ಗಾಡಿ ಮಾರಿ, ಸಿಎನ್‌ಜಿ ವ್ಯಾನಿಗೆ ಲೋನ್ ಹಾಕುತ್ತಾರೆ. ಲೆಕ್ಕ ಹಾಕಿ ನೋಡಿದರೆ ಊರೊಳಗೇ ಸುತ್ತುವ ಬೇಕರಿ ಗಾಡಿಗೆ ಅದೇ ಸರಿಯೇನೋ ಎಂದು ನನಗೂ ಈಚೆಗೆ ಅನ್ನಿಸುತ್ತಿದೆ, ನನ್ನ ಅಂಗಡಿಗೆ ಅದರಿಂದ ನಷ್ಟವಾದರೂ.