ಯಾರ ಕಣ್ಣಿನ ಸಾಕ್ಷ್ಯಚಿತ್ರ?

ಡೊಂಬಿವಲಿ ಎಂಐಡಿಸಿಯ ಕನ್ನಡ ಬಂಧುಗಳೇ, ಲಿಂಗತ್ವದ ಬಗೆಗಿನ ಸಾಕ್ಷ್ಯಚಿತ್ರ ನೋಡುವಾಗ ಅದು ನಿಜವನ್ನಷ್ಟೇ ತೋರಿಸುತ್ತದೆ ಎಂದು ನಂಬಿಬಿಡಬೇಡಿ. ಹತ್ತಾರು ಗಂಟೆಗಳ ಚಿತ್ರೀಕರಣದಲ್ಲಿ ಒಂದೂವರೆ ಗಂಟೆ ಮಾತ್ರ ಉಳಿಯುತ್ತದೆ. ಏನು ಉಳಿಯಬೇಕೆಂಬುದು ಸಂಕಲನದ ಮೇಜಿನ ತೀರ್ಮಾನ. ಲೋಕಲ್ ರೈಲಿನಲ್ಲಿ ಹಿಜಡಾಗಳ ಚಪ್ಪಾಳೆ, ಶಸ್ತ್ರಚಿಕಿತ್ಸೆಯ ವಿವರ, ಅಳುವ ತಾಯಿ, ಹಿಂದೆ ಶೋಕದ ಸಂಗೀತ. ಇಷ್ಟೇ ಇದ್ದರೆ ಅನುಮಾನಿಸಿ.

ನಮ್ಮ ಪಕ್ಕದ ಠಾಣೆಯವರೇ ಆದ ಹಿಜಡಾ ಹೋರಾಟಗಾರ್ತಿ ಲಕ್ಷ್ಮಿ ನಾರಾಯಣ ತ್ರಿಪಾಠಿಯವರನ್ನು ನೆನೆಯಿರಿ. 2005ರಲ್ಲಿ ಜರ್ಮನಿಯ ಥಾಮಸ್ ವಾರ್ಟ್‌ಮನ್ ಮುಂಬಯಿಯ ಹಿಜಡಾಗಳ ಕುರಿತು ಮಾಡಿದ ಚಿತ್ರದಲ್ಲಿ ಅವರಿದ್ದಾರೆ. ಛಾಯಾಗ್ರಾಹಕಿ ಅನಿತಾ ಖೇಮ್ಕಾ ನಮ್ಮನ್ನು ಆ ಲೋಕದೊಳಗೆ ಕರೆದೊಯ್ಯುತ್ತಾರೆ. ಆದರೂ ಅದು ಹೊರಗಿನವರ ನೋಟವೇ. ಆಮೇಲೆ ಲಕ್ಷ್ಮಿ ಮರಾಠಿಯಲ್ಲಿ ತಮ್ಮ ಆತ್ಮಕಥೆ ತಂದರು. ತೃತೀಯ ಲಿಂಗಿಗಳನ್ನು ಮಾನ್ಯ ಮಾಡಿದ 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕರಣದಲ್ಲಿ ಅವರೂ ಕಕ್ಷಿದಾರರಾಗಿ ಸೇರಿಕೊಂಡಿದ್ದರು. ಚಿತ್ರ ನೋಡಿದವರು ಆ ಆತ್ಮಕಥೆಯನ್ನೂ ಓದಬೇಕು, ಇದು ನನ್ನ ಕಳಕಳಿಯ ಒತ್ತಾಯ.

ತೃತೀಯ ಲಿಂಗಿ ಜಾನಪದ ಕಲಾವಿದೆ ಜೋಗತಿ ಮಂಜಮ್ಮನವರ ಬಗ್ಗೆಯೂ ಅಷ್ಟೇ: ನೋವಿನ ಬಾಲ್ಯದಲ್ಲೇ ನಿಂತುಬಿಡುವ ಚಿತ್ರ, ಅವರ ಕಲೆಯನ್ನೂ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದುದನ್ನೂ ಬಿಟ್ಟರೆ ಅರ್ಧ ಸತ್ಯ. ಇಂಥ ಚಿತ್ರಗಳನ್ನು ಮಕ್ಕಳ ಜೊತೆ ನೋಡುವಾಗ ನಡುವೆ ನಿಲ್ಲಿಸಿ ಕೇಳಿ: ಇಲ್ಲಿ ಹೆಚ್ಚು ಮಾತಾಡುತ್ತಿರುವವರು ಯಾರು, ಆ ಸಮುದಾಯದವರೋ, ಅವರ ಬಗ್ಗೆ ಬಲ್ಲೆವೆನ್ನುವ ತಜ್ಞರೋ?