ಅದೇ ಅರ್ಧ ಮೀಟರ್ ಹಗ್ಗ

ಹಿಮ ತಳ್ಳುವ ಎಟಿವಿಯ ವಿಂಚ್ ಹಗ್ಗ ಭಾರಕ್ಕೆ ಹರಿಯುವುದಿಲ್ಲ. ಮುಂದೆ ಕಟ್ಟಿದ ಬ್ಲೇಡು, ಅದರ ಚೌಕಟ್ಟು ಎಲ್ಲ ಸೇರಿದರೂ ನೂರು ಕಿಲೋ ದಾಟುವುದು ಅಪರೂಪ. ಅದನ್ನು ಎತ್ತುವ ವಿಂಚು 2,500 ಪೌಂಡಿನದು, ಅಂದರೆ 1,100 ಕಿಲೋಗೂ ಮಿಕ್ಕಿ ಎಳೆಯಬಲ್ಲದು. ಈ ಲೆಕ್ಕದಲ್ಲಿ ಹಗ್ಗ ವರ್ಷಗಟ್ಟಲೆ ಬಾಳಬೇಕು. ಆದರೆ ನಾವಿರುವ ಕಡೆ, ಮಿಷಿಗನ್ನಿನ ಉತ್ತರದ ಕೀವಿನಾ ಪರ್ಯಾಯ ದ್ವೀಪದಲ್ಲಿ, ಹೊಸ ಹಗ್ಗ ಒಂದು ಚಳಿಗಾಲ ಪೂರೈಸಿದರೆ ದೊಡ್ಡದು ಎನ್ನುವವರೇ ಹೆಚ್ಚು.

ಕಾರಣ ಹುಡುಕಲು ಸುಪೀರಿಯರ್ ಸರೋವರದಿಂದಲೇ ಶುರುಮಾಡಬೇಕು. ವಾಯವ್ಯದ ಒಣ ಚಳಿಗಾಳಿ ಇನ್ನೂ ಹೆಪ್ಪುಗಟ್ಟದ ಆ ನೀರಿನ ಮೇಲೆ ಬರುವಾಗ ತೇವ ಹೀರಿಕೊಂಡು ಅದನ್ನು ನಮ್ಮ ದಂಡೆಯ ಮೇಲೆ ಹಿಮವಾಗಿ ಸುರಿಯುತ್ತದೆ. 1978–79ರ ಚಳಿಗಾಲದಲ್ಲಿ ಇಲ್ಲಿ ಬಿದ್ದದ್ದು 390.4 ಅಂಗುಲ, ಹತ್ತಿರ ಹತ್ತಿರ ಹತ್ತು ಮೀಟರ್. ಹೆದ್ದಾರಿ ಪಕ್ಕದಲ್ಲಿ ಅದನ್ನು ತೋರಿಸುವ ಎತ್ತರದ ಅಳತೆಗಂಬವೇ ಇದೆ. ಮನೆಮುಂದಿನ ಹಿಮವನ್ನು ಸೀದಾ ರಸ್ತೆಗೆ ನೂಕಿಬಿಡೋಣವೆಂದರೆ ಮಿಷಿಗನ್ ಕಾನೂನು ಬಿಡುವುದಿಲ್ಲ. ಹಾಗಾಗಿ ಸ್ವಲ್ಪ ತಳ್ಳು, ಅಂಚಿಗೆ ಒಟ್ಟು, ಬ್ಲೇಡ್ ಎತ್ತು, ಹಿಂದೆ ಬಾ, ಇಳಿಸು. ಜನವರಿ ಕಳೆದ ಮೇಲೆ ಅಂಚಿನ ಗುಡ್ಡೆಗಳು ಎದೆಮಟ್ಟ ಬೆಳೆದಿರುತ್ತವೆ, ಪ್ರತಿ ಸಲವೂ ಬ್ಲೇಡನ್ನು ಪೂರ್ತಿ ಎತ್ತಬೇಕು. ಕೆಸರಿನಲ್ಲಿ ಸಿಕ್ಕ ಗಾಡಿಯನ್ನು ಎಂದೋ ಒಮ್ಮೆ ಎಳೆಯಲೆಂದು ಮಾಡಿದ ವಿಂಚಿಗೆ ಇದು ಬೇರೆಯದೇ ಕೆಲಸ.

ಊರಿನ ಬಾವಿಯಲ್ಲಿ ಕೊಡಪಾನ ಸೇದುವಾಗ ಹಗ್ಗದ ಉದ್ದಕ್ಕುದ್ದವೂ ರಾಟೆಯ ಮೇಲೆ ಹಾಯುತ್ತದೆ, ಸವೆತವೂ ಉದ್ದಕ್ಕೂ ಹಂಚಿಹೋಗುತ್ತದೆ. ಇಲ್ಲಿ ಹಾಗಲ್ಲ. ಡ್ರಮ್ಮಿನಲ್ಲಿ ಹದಿನೈದು ಮೀಟರ್ ಸುತ್ತಿದ್ದರೂ ದುಡಿಯುವುದು ತುದಿಯ ಅರ್ಧ ಮೀಟರ್ ಮಾತ್ರ. ಅದೇ ಜಾಗ ವಿಂಚಿನ ಬಾಯಿಯ ಅದೇ ರೋಲರಿನ ಮೇಲೆ ಬಾಗುತ್ತದೆ, ನೆಟ್ಟಗಾಗುತ್ತದೆ, ಮತ್ತೆ ಬಾಗುತ್ತದೆ. ಐದು ಮಿಲಿಮೀಟರಿನ ಉಕ್ಕಿನ ಹಗ್ಗದಲ್ಲಿ ಮೊದಲು ಹೊರಗಿನ ಸಣ್ಣ ಎಳೆಗಳು ದಣಿದು ಮುರಿಯುತ್ತವೆ. ಮುರಿದ ತುದಿಗಳು ಮುಳ್ಳಿನಂತೆ ಎದ್ದು ಕೈಗವಸನ್ನೂ ತೂರುತ್ತವೆ. ಒಂದು ಹಳೇ ಬಟ್ಟೆ ಹಿಡಿದು ಹಗ್ಗದ ಮೇಲೆ ಸವರಿ ನೋಡಿ. ನೂಲು ಸಿಕ್ಕಿಕೊಂಡರೆ ಆ ಹಗ್ಗದ ಆಯಸ್ಸು ಮುಗಿಯಿತೆಂದೇ ಲೆಕ್ಕ.

ಎರಡನೇ ಶತ್ರು ನಮ್ಮ ಹೆಬ್ಬೆರಳು. ಬ್ಲೇಡಿನ ಚೌಕಟ್ಟು ಮೇಲೆ ಹೋಗಿ ತಡೆಗೆ ತಾಗಿದ ಮೇಲೂ ಗುಂಡಿ ಒತ್ತಿಯೇ ಇದ್ದರೆ, ವಿಂಚಿನ ಉಳಿದ ಸಾವಿರ ಕಿಲೋ ಶಕ್ತಿಯೆಲ್ಲ ಆ ಅರ್ಧ ಮೀಟರಿನ ಮೇಲೆ. ಹಗ್ಗ ಹರಿಯುವ ಗಳಿಗೆಯನ್ನು ಗಮನಿಸಿದರೆ ಬಹುತೇಕ ಹೀಗೇ, ತಳ್ಳುವಾಗಲ್ಲ, ಎತ್ತಿ ಮುಗಿದ ಮೇಲೆ. ಮಗನ ಕೈಗೆ ಗಾಡಿ ಕೊಟ್ಟ ದಿನ ನಾನು ಹೇಳಿದ್ದು ಇಷ್ಟೇ: “ಮೋಟಾರಿನ ದನಿ ದಪ್ಪ ಆಯ್ತೋ, ಬೆರಳು ತೆಗಿ ಮಾರಾಯ.” ಕತ್ತಲಲ್ಲಿ, ಹಿಮ ಎರಚುವಾಗ ಕಣ್ಣಿಗಿಂತ ಕಿವಿಯೇ ಗಟ್ಟಿ. ಹಗ್ಗ ನಿಲ್ಲಬೇಕಾದ ಜಾಗಕ್ಕೆ ಕೆಂಪು ಟೇಪ್ ಸುತ್ತುವುದೂ ಉಂಟು. ತಾನಾಗಿ ನಿಲ್ಲಿಸುವ ಲಿಮಿಟ್ ಸ್ವಿಚ್ ಹಾಕಿಸಿಕೊಂಡರೆ ಇನ್ನೂ ನಿಶ್ಚಿಂತೆ, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಉಕ್ಕು ಬಿಟ್ಟು ಸಿಂಥೆಟಿಕ್ ಹಗ್ಗಕ್ಕೆ ಹೋದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಅದು ಬಾಗುವುದಕ್ಕೆ ಅಂಜುವುದಿಲ್ಲ, ಕೈಗೆ ಚುಚ್ಚುವುದಿಲ್ಲ. ಆದರೆ ಉಜ್ಜಿದರೆ ಸೋಲುತ್ತದೆ. ಹಳೆಯ ತಂತಿ ಗೀಚಿದ ರೋಲರನ್ನೇ ಉಳಿಸಿಕೊಂಡರೆ ಆ ಗೀರುಗಳು ಅರದಂತೆ ಕೆಲಸ ಮಾಡುತ್ತವೆ. ರೋಲರನ್ನು ಬದಲಿಸಬೇಕು, ಇಲ್ಲವೇ ನುಣುಪಾದ ಅಲ್ಯೂಮಿನಿಯಂ ಬಾಯಿ ಹಾಕಬೇಕು. ಎಳೆಗಳ ಸಂದಿಗೆ ಕರಗಿದ ನೀರು, ರಸ್ತೆಯ ಮರಳು ಸೇರಿ ರಾತ್ರಿ ಹೆಪ್ಪುಗಟ್ಟಿದರೆ ಬೆಳಗ್ಗೆ ಹಗ್ಗ ಕೋಲಾಗಿರುತ್ತದೆ. ಗಾಡಿ ನಿಲ್ಲಿಸುವ ಶೆಡ್ಡು ಒಣಗಿದ್ದಷ್ಟೂ ಒಳ್ಳೆಯದು. ರೋಲರು ಇದ್ದವರು ಹೊರಡುವ ಮುಂಚೆ ಬೆರಳಿನಿಂದ ತಿರುಗಿಸಿ ನೋಡಲಿ. ಮಂಜುಗಡ್ಡೆ ಕಚ್ಚಿ ನಿಂತ ರೋಲರು ರೋಲರಲ್ಲ, ಬರೀ ಕಂಬಿ.

ಇದೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಎರಡು ಬದಲಾವಣೆ. ಮೊದಲನೆಯದು ಹಗ್ಗದ ದಾರಿ. ಬ್ಲೇಡಿನ ಕೊಕ್ಕೆ ವಿಂಚಿನ ಬಾಯಿಯ ಕೆಳಗೇ ಬಂದರೆ ಹಗ್ಗ ಕೆಳರೋಲರಿನ ಮೇಲೆ ಲಂಬಕೋನಕ್ಕೆ ಮಡಚುತ್ತದೆ. ಎದುರಿಗೊಂದು ಅಗಲವಾದ ರಾಟೆ ಕೂರಿಸಿ ಹಗ್ಗವನ್ನು ಮೊದಲು ನೇರ ಹೊರತಂದು ಆಮೇಲೆ ಕೆಳಗಿಳಿಸಿದರೆ, ಬಾಗು ದೊಡ್ಡದಾಗುತ್ತದೆ, ಪೆಟ್ಟು ಕಡಿಮೆಯಾಗುತ್ತದೆ.

ಎರಡನೆಯದು, ಚಳಿಗಾಲಕ್ಕೆ ಬೇರೆಯದೇ ಹಗ್ಗ. ಮೂಲದ ಉದ್ದ ಹಗ್ಗ ನವೆಂಬರಿನಲ್ಲಿ ಬಿಚ್ಚಿ ಗೂಟಕ್ಕೆ ನೇತುಹಾಕುತ್ತೇನೆ. ಅದರ ಜಾಗಕ್ಕೆ ಮೂರು ಮೀಟರಿನ, ಸ್ವಲ್ಪ ದಪ್ಪನೆಯ ಸಿಂಥೆಟಿಕ್ ತುಂಡು. ಬ್ಲೇಡು ನೆಲಕ್ಕಿಳಿದಾಗಲೂ ಡ್ರಮ್ಮಿನ ಮೇಲೆ ಎಂಟು ಸುತ್ತಾದರೂ ಉಳಿಯಬೇಕು; ಎಳೆತ ತಡೆಯುವುದು ಆ ಸುತ್ತುಗಳ ಬಿಗಿತ, ತುದಿಯ ಬೋಲ್ಟಲ್ಲ. ನೆರೆಯವರೊಬ್ಬರು ಹಗ್ಗದ ಬದಲು ನೈಲಾನ್ ಪಟ್ಟಿ ಹಾಕುತ್ತಾರೆ. ಅದು ತನ್ನ ಮೇಲೆ ತಾನೇ ಅಚ್ಚುಕಟ್ಟಾಗಿ ಸುತ್ತಿಕೊಳ್ಳುತ್ತದೆ, ಒಂದರಡಿ ಒಂದು ಸಿಕ್ಕಿಕೊಳ್ಳುವುದಿಲ್ಲ ನಿಜ. ಆದರೆ ಗಾಡಿ ಚರಂಡಿಗೆ ಜಾರಿದರೆ ಎಳೆಯಲು ಪಟ್ಟಿಯ ಉದ್ದ ಸಾಲುವುದಿಲ್ಲ. ನನ್ನ ಮೂರು ಮೀಟರೂ ಸಾಲುವುದಿಲ್ಲವೆನ್ನಿ. ಆದರೆ ಅದರ ಕೊಕ್ಕೆಗೆ ಎಳೆಯುವ ಬೆಲ್ಟ್ ಜೋಡಿಸಿ ಮರಕ್ಕೆ ಕಟ್ಟಬಹುದು.

ಬ್ಲೇಡ್ ಇಳಿಸುವಾಗ ಹಗ್ಗ ತುಸುವೇ ಸಡಿಲವಾದರೆ ಸಾಕು. ಅತಿಯಾಗಿ ಬಿಟ್ಟರೆ ಸುತ್ತುಗಳು ಜಾಳಾಗಿ ಮುಂದಿನ ಎಳೆತದಲ್ಲಿ ಒಂದರೊಳಗೊಂದು ಹೂತುಕೊಳ್ಳುತ್ತವೆ. ಪಕ್ಕದ ಮನೆಯ ದಾರಿಯನ್ನೂ ತೆರವು ಮಾಡಲು ಹೋಗುವಾಗ ಎತ್ತಿದ ಬ್ಲೇಡನ್ನು ಚಿಕ್ಕ ಸರಪಳಿಗೆ ತೂಗುಹಾಕುತ್ತೇನೆ, ಗುಂಡಿಯಲ್ಲಿ ಎಗರಿದ ಏಟು ಸರಪಳಿಗೇ ಬೀಳಲಿ ಅಂತ. ಸೀಟಿನಡಿ ಇನ್ನೊಂದು ತುಂಡು ಹಗ್ಗ, ಒಂದು ಸ್ಪ್ಯಾನರ್ ಸದಾ ಇರುತ್ತವೆ. ಹಿಮಗಾಲ ಮುಗಿದ ಮೇಲೆ ತುಂಡನ್ನು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಉದ್ದ ಹಗ್ಗ ವಾಪಸ್ ಏರಿಸುವುದು. ಕ್ಯಾಲೆಂಡರಿನ ವಸಂತ ನಂಬಿ ಏಪ್ರಿಲ್‌ನಲ್ಲೇ ಆ ಕೆಲಸಕ್ಕೆ ಇಳಿಯುವಂತಿಲ್ಲ. ಇಲ್ಲಿ ಏಪ್ರಿಲ್ ಕೊನೆಯಲ್ಲೂ ಹಿಮ ಬೀಳುತ್ತದೆ.