ಗಡಸು ನೀರು ತಿದ್ದುವವನಿಗೆ ಲೈಸೆನ್ಸು ಯಾರು ಕೊಟ್ಟರು?

ಬೀಜ, ಗೊಬ್ಬರ, ಕೀಟನಾಶಕ ಮಾರುವ ಅಂಗಡಿಗೆ ಕೃಷಿ ಇಲಾಖೆಯ ಲೈಸೆನ್ಸು ಬೇಕು. ಪಂಪ್‌ಸೆಟ್ಟಿನ ವೈರಿಂಗ್ ಮಾಡಲು ಲೈಸೆನ್ಸುದಾರ ವಿದ್ಯುತ್ ಗುತ್ತಿಗೆದಾರನೇ ಆಗಬೇಕು. ಬೋರು ಕೊರೆಯುವ ಗಾಡಿಗೂ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಂತೆ ನೋಂದಣಿ ಬೇಕು. ಆದರೆ ಆ ಬೋರಿನ ನೀರು ಗಡಸು ಬಂತು ಅಂದಾಗ, 'ಮೆದು ಮಾಡಿ ಕೊಡ್ತೀನಿ' ಅಂತ ಯಂತ್ರ ಹೊತ್ತುಕೊಂಡು ಬರ್ತಾನಲ್ಲ, ಅವನಿಗೆ? ಅವನು ಪರೀಕ್ಷೆ ಪಾಸಾಗಿ ಲೈಸೆನ್ಸು ಪಡೆದಿರಬೇಕು ಅನ್ನೋ ಕಾನೂನು ನಮ್ಮಲ್ಲಿ ಇಲ್ಲ. ಜಿಎಸ್‌ಟಿ ನಂಬರು ತೋರಿಸಿದರೆ ಅದು ತೆರಿಗೆಯ ಕಾಗದ. ನೀರಿನ ವಿದ್ಯೆಗೂ ಅದಕ್ಕೂ ಸಂಬಂಧವಿಲ್ಲ.

ಅಮೆರಿಕಾದ ಮಿನ್ನೆಸೋಟ ರಾಜ್ಯದಲ್ಲಿ ಈ ಕಸುಬಿಗೇ ಬೇರೆ ಲೈಸೆನ್ಸು ಇದೆ. ಪರೀಕ್ಷೆ ಪಾಸಾದವನೇ ಯಂತ್ರ ಕೂಡಿಸಬೇಕು. ಗುತ್ತಿಗೆದಾರ ಮೊದಲೇ ಸರ್ಕಾರಕ್ಕೆ ಜಾಮೀನು ಪತ್ರ ಕೊಟ್ಟಿರಬೇಕು, ವಿಮೆಯನ್ನೂ ಮಾಡಿಸಿರಬೇಕು. ಇಲ್ಲಿ ಆ ಕಾವಲು ಇಲ್ಲವಾದ್ದರಿಂದ ಪರೀಕ್ಷೆ ಮಾಡುವ ಕೆಲಸ ರೈತನ ತಲೆಗೇ ಬಂತು.

ನಮ್ಮ ಮಾಸೂರು ಕಡೆ ಮದಗದ ಕೆರೆ ನೀರು ಸಿಗುವವರ ಮಾತು ಬೇರೆ. ನಮ್ಮಂಥ ಒಣ ಬೇಸಾಯದವರಿಗೆ ಮಳೆ, ಇಲ್ಲವಾದರೆ ಬೋರಿನ ಒಂದೂವರೆ ಇಂಚು ನೀರು. ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಡ್ರಿಪ್ಪಿನ ತೂತಿಗೆ ಸುಣ್ಣ ಕಟ್ಟುತ್ತದೆ. ನಮ್ಮ ಬೀಗರೊಬ್ಬರು ಇದಕ್ಕೆ ಬೇಸತ್ತು ಒಂದೆಕರೆ ಮೆಣಸಿನ ಗಿಡಕ್ಕೆ ಉಪ್ಪು ಹಾಕುವ ಯಂತ್ರ ಕೂಡಿಸಿಕೊಂಡರು. ಡ್ರಿಪ್ಪೇನೋ ಚೊಕ್ಕ ಆಯಿತು. ಎರಡನೇ ಹಂಗಾಮಿಗೆ ಎರೆ ಹೊಲದ ಮೇಲೆ ಹಪ್ಪಳದಂಥ ಪದರ ಬಂತು, ನೀರು ಕೆಳಗೆ ಇಳಿಯದೆ ನಿಂತಿತು, ಗಿಡ ಹಳದಿ. ಯಂತ್ರ ಕೂಡಿಸಿದವನ ಫೋನು ಬಂದ್.

ಯಾಕೆ ಹೀಗಾಯ್ತು? ಗಡಸು ಅಂದರೆ ನೀರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ಯಂತ್ರದೊಳಗಿನ ರಾಳದ ಹರಳು ಇವನ್ನು ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಅದಕ್ಕೇ ಆಗಾಗ ಉಪ್ಪು ಸುರಿಯುವುದು. ಬಟ್ಟೆ ಒಗೆಯಲು ಇದು ಚಲೋ, ಹೊಲಕ್ಕೆ ವಿಷ. ಸೋಡಿಯಂ ಹೆಚ್ಚಾದರೆ ಎರೆಮಣ್ಣಿನ ಕಣ ಬಿಡಿಬಿಡಿಯಾಗಿ ರಂಧ್ರ ಮುಚ್ಚುತ್ತದೆ.

ನೀರಿನ ವರದಿಯಲ್ಲಿ 'ಆರ್‌ಎಸ್‌ಸಿ' ಅಂತ ಒಂದು ಸಾಲು ಇರುತ್ತದೆ. ಏಳನೇತ್ತೆ ಓದಿದ ನನಗೂ ಬರುವ ಲೆಕ್ಕ ಅದು. ಕಾರ್ಬೊನೇಟ್, ಬೈಕಾರ್ಬೊನೇಟ್ ಕೂಡಿಸಿ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆಯಿರಿ. ಎಲ್ಲವೂ ಲೀಟರಿಗೆ ಮಿಲಿ ಈಕ್ವಿವಲೆಂಟ್ ಲೆಕ್ಕದಲ್ಲಿ ಇರಬೇಕು. ಉಳಿದದ್ದು 1.25ರ ಒಳಗಿದ್ದರೆ ಕ್ಷೇಮ, 2.5 ದಾಟಿದರೆ ಹೊಲಕ್ಕೆ ಬೇಡ. ನಿಮ್ಮ ಬೋರಲ್ಲಿ ಬೈಕಾರ್ಬೊನೇಟ್ 6, ಕ್ಯಾಲ್ಸಿಯಂ 3, ಮೆಗ್ನೀಸಿಯಂ 3 ಅಂತ ಇಟ್ಟುಕೊಳ್ಳಿ. ಉಳಿದದ್ದು ಸೊನ್ನೆ, ಆ ಲೆಕ್ಕಕ್ಕೆ ಒಳ್ಳೇ ನೀರು. ಯಂತ್ರ ದಾಟಿ ಬಂದ ಮೇಲೆ ಕಳೆಯಲಿಕ್ಕೆ ಕ್ಯಾಲ್ಸಿಯಮ್ಮೂ ಇಲ್ಲ, ಮೆಗ್ನೀಸಿಯಮ್ಮೂ ಇಲ್ಲ. ಉಳಿದದ್ದು ಪೂರಾ 6! ಸವಳಿಗೆ ಜಿಪ್ಸಂ ಹಾಕಿ ಅನ್ನುವುದು ಕ್ಯಾಲ್ಸಿಯಂ ಸೇರಲಿ ಅಂತ. ಈ ಯಂತ್ರ ಮಾಡುವುದು ಅದರ ಉಲ್ಟಾ. ಬರೀ ಡ್ರಿಪ್ಪು ಕಟ್ಟುವುದೇ ಕಾಟವಾದರೆ ತಿಳಿದವರನ್ನು ಕೇಳಿ ಆಮ್ಲ ಬಿಟ್ಟು ತೊಳೆಯುವುದೇ ಸರಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಿದರೆ ಸಿಡಿದು ಮೈ ಸುಡುತ್ತದೆ.

ಅದೇ ನೀರಿನ ಗಡಸುತನ ಲೀಟರಿಗೆ 300 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 200, ಬೇರೆ ನೀರು ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಹೆದರಬೇಕಾದದ್ದು ಫ್ಲೋರೈಡಿಗೆ, ಅದು 1.5 ದಾಟಬಾರದು. ಉಪ್ಪಿನ ಯಂತ್ರ ಅದನ್ನು ತೆಗೆಯುವುದಿಲ್ಲ.

ಮನೆಗೆ ಬರುವವರ ಇನ್ನೊಂದು ಆಟ ಇದೆ. ಎರಡು ಲೋಟಕ್ಕೆ ಕರೆಂಟಿನ ಕಡ್ಡಿ ಇಳಿಸುತ್ತಾರೆ. ನಿಮ್ಮ ನೀರು ಕಂದು ಬಣ್ಣದ ಕೊಚ್ಚೆ, ಅವರ ಫಿಲ್ಟರಿನ ನೀರು ತಿಳಿ. ಹೆಣ್ಣುಮಕ್ಕಳು ಹೆದರಿ ಅಡ್ವಾನ್ಸ್ ಕೊಟ್ಟೇಬಿಡ್ತಾರೆ. ಆ ಕಂದು ಬಂದದ್ದು ಕಬ್ಬಿಣದ ಕಡ್ಡಿ ಕರಗಿ. ಫಿಲ್ಟರ್ ನೀರಲ್ಲಿ ಲವಣ ಕಮ್ಮಿ, ಕರೆಂಟು ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ಅವರ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ ಕಡ್ಡಿ ಇಳಿಸಲು ಹೇಳಿ, ಅದೂ ಕೆಡುತ್ತದೆ. ಪೈಪಿಗೆ ಆಯಸ್ಕಾಂತ ಕಟ್ಟುವವರು ಬಂದರೆ ಕಟ್ಟುವ ಮುಂಚಿನದು, ಆಮೇಲಿನದು ಎರಡೂ ಬಾಟಲಿ ಲ್ಯಾಬಿಗೆ ಕಳಿಸಿ. ಗಡಸುತನದ ಅಂಕಿ ಇಳಿಯುವುದಿಲ್ಲ.

ಯಾರು ಬಂದರೂ ಮೊದಲು ನೀರು ಪರೀಕ್ಷೆ, ಆಮೇಲೆ ಮಾತು. ಬೋರು ಅರ್ಧ ತಾಸು ಓಡಿಸಿ, ಚೊಕ್ಕ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಗಲಬರಿಸಿ, ಒಂದು ಲೀಟರ್ ತುಂಬಿ. ನೀರು ಹೊಲಕ್ಕೋ ಕುಡಿಯಲಿಕ್ಕೋ ಅಂತ ಚೀಟಿ ಹಚ್ಚಿ. ನಮ್ಮ ಜಿಲ್ಲೆಯವರು ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಯಾವ ಅಂಶ ಎಷ್ಟರಿಂದ ಎಷ್ಟಕ್ಕೆ ಇಳಿಯುತ್ತದೆ ಅಂತ ಮಾರುವವನಿಂದ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬರೆಯಲು ಒಲ್ಲೆ ಅಂದರೆ ಚಹಾ ಕೊಟ್ಟು ಕಳಿಸಿಬಿಡಿ. ಬರೆದುಕೊಟ್ಟು ಮೋಸ ಮಾಡಿದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ. ಬೀಗರ ಹತ್ತಿರ ಬಿಲ್ಲೇ ಇರಲಿಲ್ಲ. ಈಗ ಜಿಪ್ಸಂ ಹಾಕಿ ಎರಡು ಮಳೆಗಾಲದಿಂದ ಆ ಎಕರೆಯನ್ನು ತೊಳೆಯುತ್ತಿದ್ದಾರೆ. ಈ ಸಲ ಗೋವಿನಜೋಳ ಮೊಣಕಾಲುದ್ದ ಬಂದಿದೆ.